ಕೋಡಿಕಲ್ಲಿನ ಕರೆಗಂಬ

ಮೂವತ್ತು ವರ್ಷ ಹಿಂದಿನ ಸಮುದ್ರವನ್ನು ಕಿವಿಗೆ ಹಾಕಿದಾಗ ಗುರುವ ಮೊಗವೀರರು ಮೊದಲು ಮಾಡಿದ್ದು ಹೆಡ್‌ಫೋನು ಕಿತ್ತು ಸುತ್ತ ನೋಡಿದ್ದು. ಕಡಗೋಡಿನ ಮುಚ್ಚಿಹೋದ ಐಸ್ ಪ್ಲಾಂಟಿನ ಒಳಕೋಣೆಯಲ್ಲಿ ಒಂದು ಮೇಜು, ಎರಡು ಕಂಪ್ಯೂಟರು, ಅವರ ಸೊಸೆ ವಾರಿಜ ಮತ್ತು ಮಂಗಳೂರಿನಿಂದ ಬಂದ ವಿಜ್ಞಾನಿ ಐರಿನ್ ಕ್ರಾಸ್ತಾ, ಇಷ್ಟೇ ಇದ್ದದ್ದು. ಗುರುವರು ಹೆಡ್‌ಫೋನನ್ನು ಮತ್ತೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಇದ್ ಕೆಂಬೇರಿ,” ಎಂದರು. “ಹೊಟ್ಟಿ ಬಡ್ಕಂಡಂಗೆ ಡುಬ್ ಡುಬ್ ಅಂತ್ ಕಾಣಿ. ಈಗ ಬಂದದ್ ಮುರು. ಮತ್ತ್ ಈ ಕಡ್ಲಿ ಹುರ್ದಂಗೆ ಕೇಂತಲ್ದಾ, ಅದ್ ಕಲ್ಲಿನ್ ಸಂದಿ ಚಟ್ಲಿ, ಸಣ್ಣ್ ಸಿಗ್ಡಿ. ಅಬ್ಬ, ಎಷ್ಟ್ ಇತ್ತ್ ಮಾರಾಯ್ತಿ ಆಗ!”

ಗುರುವರಿಗೆ ಎಪ್ಪತ್ತಾರು. ಪ್ರಾಯದಲ್ಲಿ ಅವರು ಕಡಗೋಡಿನ ನಾಡದೋಣಿಗಳ ಪಾಲಿಗೆ ಕಿವಿಯಾಗಿದ್ದವರು. ದೋಣಿಯ ಅಂಚು ಹಿಡಿದು ನೀರಿಗಿಳಿದು, ತಲೆ ಮುಳುಗಿಸಿ, ಉಸಿರು ಕಟ್ಟಿ ಕೇಳುತ್ತಿದ್ದರು. ಮೇಲೆದ್ದು ಇಂಥ ಮೀನು, ಇಂಥ ದಿಕ್ಕು ಎಂದರೆ ಉಳಿದವರು ಬಲೆ ಬಿಡುತ್ತಿದ್ದರು. ಅದೇ ಕಾಲದಲ್ಲಿ ಐರಿನ್ ವಿದ್ಯಾರ್ಥಿನಿಯಾಗಿ ಬಂದು, ದಡದಿಂದ ಒಂದೂವರೆ ಗಂಟೆ ದೂರದ ಕೋಡಿಕಲ್ಲು ಎಂಬ ಬಂಡೆಯ ಬುಡಕ್ಕೆ ಮೈಕು ಇಳಿಬಿಟ್ಟು ನಲವತ್ತು ಗಂಟೆಯ ಸದ್ದು ಹಿಡಿದುಕೊಂಡು ಹೋಗಿದ್ದರು. ಯಾವ ಸದ್ದು ಯಾವ ಮೀನಿನದೆಂದು ಆಗ ಅವರಿಗೆ ತಿಳಿದಿರಲಿಲ್ಲ. ಈಗ ಅದನ್ನು ಬಿಡಿಸಿ ಹೇಳಬಲ್ಲವರು ಗುರುವ ಒಬ್ಬರೇ ಉಳಿದಿದ್ದರು. ಸದ್ದು ಮಾಡುತ್ತಿದ್ದ ಮೀನುಗಳು ಉಳಿದಿರಲಿಲ್ಲ.

ಸಾಲಾಗಿ ಎರಡು ಬೇಸಿಗೆ ಸಮುದ್ರದ ನೀರು ಕಾದು, ಕೋಡಿಕಲ್ಲಿನ ಮೈಮೇಲಿದ್ದ ಹವಳವೆಲ್ಲ ಬಿಳಿಚಿ ಉದುರಿತ್ತು. ಸುತ್ತಲಿನ ತಳವನ್ನು ಟ್ರಾಲ್ ಬೋಟುಗಳು ಅದಕ್ಕೂ ಮೊದಲೇ ಗುಡಿಸಿದ್ದವು. ಬಂಡೆ ಮೂಕವಾಯಿತು. ಮೂಕವಾದದ್ದೇ ದೊಡ್ಡ ಕೇಡು ಎಂದು ಐರಿನ್ ಹೇಳುತ್ತಿದ್ದರು. ಮೊಟ್ಟೆಯೊಡೆದ ಮೀನಿನ ಮರಿಗಳು ಅಕ್ಕಿಕಾಳಿಗಿಂತ ಸಣ್ಣವಾಗಿ ವಾರಗಟ್ಟಲೆ ತೆರೆದ ಸಮುದ್ರದಲ್ಲಿ ತೇಲುತ್ತವೆ. ನೆಲೆ ಹುಡುಕುವ ಹೊತ್ತು ಬಂದಾಗ ಕಣ್ಣಿಗೆ ಕಾಣದಷ್ಟು ದೂರದಿಂದ ಬಂಡೆಯ ಗದ್ದಲ ಕೇಳಿ ಅತ್ತ ಈಜುತ್ತವೆ. ಗದ್ದಲವೇ ಇಲ್ಲದಿದ್ದರೆ ಹಾದುಹೋಗಿ ಎಲ್ಲೋ ಸಾಯುತ್ತವೆ. ಹಾಗಿದ್ದರೆ, ಬಂಡೆ ಮಾತಾಡದ ಕಡೆ ನಾವೇ ಅದರ ದನಿಯಲ್ಲಿ ಮಾತಾಡಿದರೆ ಏನಾದೀತು? ಇಲಾಖೆ ಹಣ ಕೊಟ್ಟಿತು. ಕೋಡಿಕಲ್ಲಿನ ಸುತ್ತ ಹನ್ನೆರಡು ಕಂಬಗಳು ನಿಂತವು. ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ಕೆಳಗೆ ನೀರಿನೊಳಗೆ ಸ್ಪೀಕರು. ಹೊತ್ತು ಮುಳುಗಿದೊಡನೆ ಅವು ಮೂವತ್ತು ವರ್ಷ ಹಿಂದಿನ ಕೋಡಿಕಲ್ಲನ್ನು ನುಡಿಸತೊಡಗುತ್ತಿದ್ದವು. ಊರವರು ಅವನ್ನು ಕರೆಗಂಬ ಎಂದರು.

ಐಸ್ ಪ್ಲಾಂಟಿನ ಕೋಣೆಯಲ್ಲಿ ಕುಳಿತು ಅವನ್ನು ನಡೆಸುವ ಕೆಲಸ ವಾರಿಜಳಿಗೆ ಸಿಕ್ಕಿತು. ಅವಳು ಡಿಪ್ಲೊಮಾ ಓದಿದವಳು. ಓದಿಗೆ ತಕ್ಕ ಕೆಲಸ ಸಿಗದೆ ಸಿಗಡಿ ಸುಲಿಯುವ ಘಟಕದಲ್ಲಿ ಒಂಬತ್ತು ವರ್ಷ ದುಡಿದು, ಸಿಗಡಿಯೂ ಇಲ್ಲವಾದ ಮೇಲೆ ಮನೆ ಸೇರಿದ್ದವಳು. ಗಂಡ ಉದಯ ನಾಡದೋಣಿ ಸಂಘದ ಕಾರ್ಯದರ್ಶಿ. ಮೂರು ವರ್ಷ ಕೋಡಿಕಲ್ಲಿನ ಹತ್ತಿರ ಯಾರೂ ಬಲೆ ಬಿಡಬಾರದೆಂದು ಇಡೀ ಕೇರಿಯನ್ನು ಒಪ್ಪಿಸಿದವನು ಅವನೇ.

“ಮೂರ್ ವರ್ಷ ಅಲ್ದಾ? ಹನ್ನೊಂದ್ ವರ್ಷದಿಂದ ಬೈಗಿ ಮೀನ್ ಇಲ್ದೆ ಬದ್ಕಿತ್ತ್,” ಎಂದಿದ್ದ ಸಭೆಯಲ್ಲಿ. “ಮಕ್ಳ್ ಕಾಲಕ್ಕಾರೂ ಮೀನ್ ಬರ್ಲಿ.”

ಆ ದಿನ ಅವರ ಮನೆಯ ಊಟಕ್ಕೆ ಆಂಧ್ರದ ಕೆರೆಯಿಂದ ಲಾರಿಯಲ್ಲಿ ಬಂದ ಕಾಟ್ಲಾ ಮೀನಿನ ಸಾರು. ಉದಯ ಅದನ್ನು ಮಣ್ಣಿನ ವಾಸನೆಯ ಮೀನು ಎಂದು ಬೈಯುತ್ತಲೇ ಉಂಡ.

ಮಳೆಗಾಲ ಕಳೆದು ನೀರು ತಿಳಿಯಾದಾಗ ವಾರಿಜಳ ಪರದೆಯ ಮೇಲೆ ಮೊದಲ ಚುಕ್ಕೆಗಳು ಬಂದವು. ನೀರಿನೊಳಗಿನ ಕ್ಯಾಮೆರಾ ತಿರುಗಿಸಿದಳು. ಬೋಳು ಕಲ್ಲಿನ ಸುತ್ತ ಬೆರಳುಗುರಿನಷ್ಟು ಮರಿಗಳು, ಸಾವಿರಗಟ್ಟಲೆ, ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಅವಳು ಐರಿನ್‌ಗೆ ಫೋನು ಮಾಡಿದಳು, ಆಮೇಲೆ ಮಾವನನ್ನು ಕರೆದು ತೋರಿಸಿದಳು. ಊರಿನ ಹೆಂಗಸರು ತಂಡ ತಂಡವಾಗಿ ಬಂದು ಪರದೆ ನೋಡಿ ಹೋದರು. ಒಬ್ಬಳು ತನ್ನ ಮಗುವನ್ನು ಎತ್ತಿ ಹಿಡಿದು, “ಕಾಣ್, ಅದ್ ಕೆಂಬೇರಿ. ದೊಡ್ಡಾದ್ರೆ ನಿನ್ನಷ್ಟ್ ಉದ್ದ ಆತ್ತ್,” ಎಂದಳು.

ಎರಡನೇ ವರ್ಷ ಮರಿಗಳು ಇಮ್ಮಡಿಯಾಗಿ ಬಂದವು. ಆದರೆ ಮೊದಲ ವರ್ಷದವು ಎಲ್ಲಿ? ಅಂಗೈಯಷ್ಟಾಗಿ ತಿರುಗಾಡಬೇಕಿದ್ದ ಮೀನುಗಳು ಕ್ಯಾಮೆರಾಕ್ಕೆ ಸಿಗುತ್ತಲೇ ಇರಲಿಲ್ಲ. ಐರಿನ್ ಒಂದು ಬುಟ್ಟಿ ಮರಿಗಳನ್ನು ತರಿಸಿದರು. ಚೂರಿ ಹಿಡಿಯುವುದರಲ್ಲಿ ವಾರಿಜಳ ಕೈ ಪಳಗಿತ್ತು. ಅವಳು ಒಂದೊಂದನ್ನೇ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಇಪ್ಪತ್ತೈದು ಮರಿಗಳು. ಇಪ್ಪತ್ತೆರಡರ ಹೊಟ್ಟೆ ಖಾಲಿ. ಎರಡರಲ್ಲಿ ಬಲೆಯ ನೂಲಿನ ಎಳೆ. ಒಂದರಲ್ಲಿ ತನ್ನದೇ ಜಾತಿಯ ಇನ್ನೊಂದು ಮರಿಯ ಕಣ್ಣು.

“ಮೇಡಂ, ಇವ್ಕ್ ತಿಂಬುಕೆ ಎಂತದೂ ಸಿಕ್ತಿಲ್ಲೆ,” ಎಂದಳು ವಾರಿಜ.

ಐರಿನ್ ತಾವೂ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದರು. “ನನಗೆ ಇದು ಮೊದಲೇ ಹೊಳೀಬೇಕಿತ್ತು ವಾರಿಜ. ಮೇಲಿನ ನೀರು ಬಿಸಿಯಾಗಿ ಮುಚ್ಚಳದ ಹಾಗೆ ಕೂತಿದೆ. ಕೆಳಗಿನ ತಣ್ಣೀರು ಸಾರ ಹೊತ್ತು ಮೇಲೆ ಬರುವುದಿಲ್ಲ. ದಪ್ಪ ಪಾಚಿ ಹೋಗಿ ಧೂಳಿನಂಥ ಪಾಚಿ ಉಳಿದದ್ದು. ಅದನ್ನು ತಿನ್ನುವ ಸಣ್ಣ ಜೀವಿಗಳು ಸೊರಗಿವೆ. ಇದ್ದಬದ್ದದ್ದನ್ನು ಲೋಳೆಮೀನು ಸೋಸಿ ನುಂಗ್ತದೆ. ಅಂಗೈಯಷ್ಟಾದ ಮೇಲೆ ತಿನ್ನಲಿಕ್ಕೆ ಬೇಕಾದ ಬೈಗೆ, ಕೊಳ್ತರುವಿನಂಥ ಸಣ್ಣ ಮೀನನ್ನು ನಾವೇ ಬಳಿದಾಯ್ತು. ಮನೆಗೆ ಮಹಡಿ ಉಂಟು, ಅಡಿಪಾಯ ಉಂಟು, ನಡುವಿನ ಮೆಟ್ಟಿಲೇ ಇಲ್ಲ.”

ರಾತ್ರಿ ಊಟಕ್ಕೆ ಕುಳಿತಾಗ ವಾರಿಜ ಇದನ್ನು ಮಾವನಿಗೆ ಹೇಳಿದಳು. ಗುರುವರು ಕಲಸಿದ ತುತ್ತನ್ನು ಬಟ್ಟಲಲ್ಲೇ ಬಿಟ್ಟರು.

“ಹಂಗಾರೆ ನಾವ್ ಮಾಡ್ದದ್ ಎಂತ?” ಎಂದರು. “ಬನ್ನಿ ಬನ್ನಿ ಅಂದೇಳಿ ಕರ್ದ್, ಎಲಿ ಹಾಕಿ, ಬಡ್ಸದೆ ಕೂರ್ಸಿದ್ದಾ? ಅದೂ ನಾನ್ ಗುರ್ತ್ ಹೇಳಿಕೊಟ್ಟ್ ದನಿಯಂಗೆ?”

ಐರಿನ್ ಮತ್ತು ವಾರಿಜ ಸೇರಿ ವರದಿ ಬರೆದರು. ಕರೆಗಂಬಕ್ಕೆ ಬರುವ ನೂರು ಮರಿಗಳಲ್ಲಿ ತೊಂಬತ್ತೊಂಬತ್ತು ಎಂಟು ವಾರದೊಳಗೆ ಹಸಿವಿನಿಂದ ಸಾಯುತ್ತವೆ. ಸುತ್ತಲಿನ ಐವತ್ತು ಮೈಲಿಗಳಲ್ಲಿ ಸಣ್ಣಮೀನು ಹಿಡಿಯುವುದನ್ನು ನಿಲ್ಲಿಸಿ, ಕೆಳಗಿನ ಮೆಟ್ಟಿಲುಗಳು ಮರಳುವ ತನಕ ಕಂಬಗಳನ್ನು ಸುಮ್ಮನಿರಿಸಬೇಕು. ಲೆಕ್ಕ, ನಕ್ಷೆ, ಚಿತ್ರ ಎಲ್ಲವನ್ನೂ ಲಗತ್ತಿಸಿ ಕಳಿಸಿದರು.

ಒಂದೂವರೆ ತಿಂಗಳಿಗೆ ಸಂಘದ ಕಟ್ಟಡದಲ್ಲಿ ಸಭೆ ಕರೆಯಲಾಯಿತು. ಬೆಂಗಳೂರಿನಿಂದ ಬಂದ ಅಧಿಕಾರಿ ವರದಿಯನ್ನು ಬಹಳ ಹೊಗಳಿದರು. ಅದರ ಮೊದಲ ಸಾಲನ್ನು ಎರಡು ಸಲ ಓದಿದರು. ಎರಡನೇ ಸಾಲನ್ನು ಓದಲಿಲ್ಲ.

“ನೂರರಲ್ಲಿ ತೊಂಬತ್ತೊಂಬತ್ತು ಹೇಗೂ ನಷ್ಟವಾಗುವ ಸಂಪತ್ತು ಎಂದು ನಮ್ಮ ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ,” ಎಂದರು. “ಸಾಯುವುದನ್ನು ಹಿಡಿದರೆ ಸಮುದ್ರಕ್ಕೆ ಹಾನಿಯಿಲ್ಲ. ಆದ್ದರಿಂದ ಕೋಡಿಕಲ್ಲಿನ ಸುತ್ತ ಮರಿ ಹಿಡಿಯಲು ನಾಡದೋಣಿಗಳಿಗೆ ಅನುಮತಿ ಕೊಡಲಾಗಿದೆ. ಮೀನುಹಿಟ್ಟಿನ ಕಾರ್ಖಾನೆಯವರು ಎಲ್ಲವನ್ನೂ ಕೊಳ್ಳಲು ಒಪ್ಪಿದ್ದಾರೆ.”

ಐರಿನ್ ಎದ್ದು ನಿಂತರು. “ಅದು ನಾವು ಬರೆದದ್ದಲ್ಲ. ನೀವು ತಲೆಕೆಳಗೆ ಹಿಡಿದು ಓದಿದ್ದೀರಿ.” ಆದರೆ ಅವರ ಮಾತು ಚಪ್ಪಾಳೆಯಲ್ಲಿ ಮುಚ್ಚಿಹೋಯಿತು. ಹದಿಮೂರು ವರ್ಷ ಮಣ್ಣುವಾಸನೆಯ ಮೀನು ತಿಂದ ಕೇರಿ ಚಪ್ಪಾಳೆ ತಟ್ಟುತ್ತಿತ್ತು. ವಾರಿಜ ಗಂಡನ ಕೈಗಳನ್ನೇ ನೋಡುತ್ತಿದ್ದಳು. ಅವೂ ಸೇರಿದ್ದವು.

“ಸಾಯುದ್ ಹೌದಲ್ದಾ? ನೀನೇ ಬರ್ದದ್ದಲ್ದಾ?” ಎಂದ ಉದಯ ಮನೆಗೆ ಬರುವ ದಾರಿಯಲ್ಲಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಹಸ್ದ್ ಸಾಯುದ್ ನಮ್ ದೋಣಿಗ್ ಬಂದ್ರೆ ಎಂತ ತಪ್ಪ್, ಹೇಳ್ ಕಾಂಬ.”

“ಕರೂದ್ ನಿಲ್ಸಿರೆ ಅವ್ ಇಲ್ಲಿಗ್ ಬಂದ್ ಸಾಯುದಿಲ್ಲೆ,” ಎಂದಳು ವಾರಿಜ. “ಬಡಗು ಬದಿಯಂಗೆ ನಮ್ ಶಿರಿಕೇರಿ ಕಲ್ಲ್ ಇನ್ನೂ ಜೀವ ಇತ್ತ್. ಅಲ್ಲಿಗಾರೂ ಹೋತಿದ್ದೊ.”

ಶಿರಿಕೇರಿ ಅವಳ ತವರು. ಅಲ್ಲಿನ ಆನೆಕಲ್ಲು ಎಂಬ ಬಂಡೆಯ ಮಗ್ಗುಲಲ್ಲಿ ಆಳದ ಕೊರಕಲಿನಿಂದ ತಣ್ಣೀರು ಇನ್ನೂ ಮೇಲೇಳುತ್ತಿತ್ತು. ಬಲೆ ಹರಿಯುವ ಚೂಪುಗಲ್ಲುಗಳಿದ್ದುದರಿಂದ ಟ್ರಾಲ್ ಬೋಟುಗಳೂ ಅಲ್ಲಿಗೆ ಹೋಗುತ್ತಿರಲಿಲ್ಲ.

“ಶಿರಿಕೇರಿಯವ್ರಿಗ್ ಬೇಕ್, ನಮ್ಗ್ ಬ್ಯಾಡ್ದಾ?” ಎಂದು ಉದಯ ಮುಂದೆ ನಡೆದ.

ಆ ವರ್ಷ ದೋಣಿಗಳು ತುಂಬಿ ಬಂದವು. ಬೆರಳಷ್ಟೂ ಬೆಳೆಯದ ಕೆಂಬೇರಿ, ಮುರು, ಕಲ್ಲೂರು ಮರಿಗಳ ರಾಶಿಯನ್ನು ಸಲಿಕೆಯಿಂದ ಲಾರಿಗೆ ತುಂಬಿದರು. ಅದು ಹಿಟ್ಟಾಗಿ, ಮೇವಿನ ಉಂಡೆಯಾಗಿ, ಆಂಧ್ರದ ಕೆರೆಗಳಿಗೆ ಹೋಗುತ್ತಿತ್ತು. ಸಾರಿಗೆ ಹಾಕುವಷ್ಟು ದೊಡ್ಡದು ಒಂದೂ ಇರಲಿಲ್ಲವಾದ್ದರಿಂದ ಕಡಗೋಡಿನ ಮನೆಗಳಲ್ಲಿ ಆಗಲೂ ಕಾಟ್ಲಾ ಮೀನೇ ಬೇಯುತ್ತಿತ್ತು. ಐರಿನ್‌ರ ಗುತ್ತಿಗೆಯನ್ನು ಇಲಾಖೆ ಮುಂದುವರಿಸಲಿಲ್ಲ. ಹೋಗುವ ದಿನ ಅವರು ವಾರಿಜಳ ಕೈ ಹಿಡಿದು, “ನೀವಾದರೂ ಇಲ್ಲಿ ಇರಿ. ಕೇಳ್ತಾ ಇರಿ,” ಎಂದರು. ಏನನ್ನು ಕೇಳಬೇಕೆಂದು ಹೇಳಲಿಲ್ಲ.

ನಾಲ್ಕನೇ ವರ್ಷದ ಮಳೆ ನಿಲ್ಲುವ ಹೊತ್ತಿಗೆ ವಾರಿಜ ಮನಸ್ಸು ಗಟ್ಟಿ ಮಾಡಿದ್ದಳು. ಬರೀ ಸ್ಪೀಕರು ಆರಿಸಿದರೆ ದೂರದ ಕಚೇರಿಗೆ ಗೊತ್ತಾಗುತ್ತಿತ್ತು. ಸದ್ದು ಹೋಗುತ್ತಲೇ ಇರಬೇಕು. ಆದರೆ ಮರಿ ಬರಬಾರದು. ಒಂದು ಮಧ್ಯಾಹ್ನ ಮಾವನನ್ನು ಐಸ್ ಪ್ಲಾಂಟಿಗೆ ಕರೆದು ಬಾಗಿಲು ಹಾಕಿದಳು.

“ಮಾವ, ಎಂತ ಕೇಂಡ್ರೆ ಮೀನ್ ಕಲ್ಲ್ ಬಿಟ್ಟ್ ಓಡ್ತೊ?”

ಗುರುವರು ಯಾಕೆಂದು ಕೇಳಲಿಲ್ಲ. ನಲವತ್ತು ಗಂಟೆಯ ಸದ್ದಿನಲ್ಲಿ ಹುಡುಕಿ ಒಂದು ಕಡೆ ನಿಲ್ಲಿಸಿದರು. ಕಲ್ಲಿನ ಗದ್ದಲವೆಲ್ಲ ಒಮ್ಮೆಲೇ ಕತ್ತರಿಸಿದಂತೆ ನಿಂತಿತ್ತು. ಆ ಮೌನದೊಳಗೆ ಟಿಕಿಟಿಕಿ ಎಂಬ ಸಣ್ಣ ಸದ್ದು, ಮೇಲೊಂದು ಸೀಟಿ. ಡಾಲ್ಫಿನ್ ಹಿಂಡು ಹಾದುಹೋದ ಹೊತ್ತು.

“ಇದನ್ನ ಕೇಂಡ್ ದಿನ ನಾವ್ ಬಿಡೂ ಬಲಿಗ್ ಒಂದೂ ಸಿಕ್ತಿರ್ಲಿಲ್ಲೆ,” ಎಂದರು.

ವಾರಿಜ ಆ ನಾಲ್ಕು ನಿಮಿಷವನ್ನು ಕತ್ತರಿಸಿ, ಸೇರಿಸಿ, ಉದ್ದ ಮಾಡಿ ಹನ್ನೆರಡು ಕಂಬಗಳಿಗೂ ಹಾಕಿದಳು.

ಬಲೆಗಳು ಖಾಲಿ ಬಂದವು. ಮೊದಲ ವಾರ ಎಲ್ಲರೂ ಗಾಳಿಯನ್ನು ಬೈದರು, ಎರಡನೇ ವಾರ ನೀರಿನ ಶಾಖವನ್ನು. ಉದಯ ದಿನಾ ಸಂಜೆ ಜಗಲಿಯಲ್ಲಿ ಕುಳಿತು ಒಣಗಿದ ಬಲೆಯನ್ನೇ ಮತ್ತೆ ಮತ್ತೆ ಮಡಚುತ್ತಿದ್ದ. ವಾರಿಜ ಚಹಾ ತಂದಿಟ್ಟರೆ, “ನಿನ್ ಮೆಷಿನ್ ಸಮಾ ಇತ್ತಲ್ದಾ?” ಎಂದು ಕೇಳುತ್ತಿದ್ದ. “ಇತ್ತ್,” ಎನ್ನುತ್ತಿದ್ದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವನಿಗೆ ಅವಳು ಹೇಳಿದ ದೊಡ್ಡ ಸುಳ್ಳು ಅದೇ. ಅದನ್ನು ದಿನಾ ಹೇಳಬೇಕಿತ್ತು.

ದೀಪಾವಳಿ ಕಳೆದ ಮೇಲೆ ಸಂಘದ ಕಟ್ಟಡದಲ್ಲಿ ಮತ್ತೆ ಸಭೆ ಸೇರಿತು. ಅದೇ ಅಧಿಕಾರಿ ಬಂದಿದ್ದರು. ಕೋಡಿಕಲ್ಲಿನ ಕಾಲ ಮುಗಿದಂತೆ ಕಾಣುತ್ತದೆ ಎಂದರು. ಕಾರ್ಖಾನೆ ನಿಲ್ಲುವಂತಿಲ್ಲ. ಆದ್ದರಿಂದ ಹನ್ನೆರಡು ಕಂಬಗಳನ್ನೂ ಕಿತ್ತು ಮುಂದಿನ ತಿಂಗಳು ಶಿರಿಕೇರಿಯ ಆನೆಕಲ್ಲಿಗೆ ಸಾಗಿಸಲಾಗುವುದು. ಅಲ್ಲಿನ ಊರವರು ಸಂತೋಷದಿಂದ ಒಪ್ಪಿದ್ದಾರೆ.

ಹೆಂಗಸರ ಸಾಲಿನಲ್ಲಿ ಕುಳಿತಿದ್ದ ವಾರಿಜ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಸತ್ತ ಕಲ್ಲಿನ ಹತ್ತಿರ ನಡೆದದ್ದು ಬದುಕಿದ ಕಲ್ಲಿನ ಹತ್ತಿರ ನಡೆಯುತ್ತದೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಹುಶಃ ಗಂಡನೂ. ಅವಳು ಎದ್ದು ನಿಂತಳು.

“ಕೋಡಿಕಲ್ಲಿಗ್ ಮರಿ ಬಪ್ಪುದ್ ನಿಲ್ಲಿಲ್ಲೆ,” ಎಂದಳು. “ನಾನ್ ಬಪ್ಪುಕ್ ಬಿಡ್ಲಿಲ್ಲೆ. ಹೆದ್ರಿಸೂ ಸದ್ದ್ ಹಾಕಿದ್ದೆ. ನಾಳೆ ಹಳೆದನ್ನ ಹಾಕ್ತೆ, ಕಂಬ ಇಲ್ಲೇ ಇರ್ಲಿ. ಆನೆಕಲ್ಲನ್ನ ಮುಟ್ಬೇಡಿ. ಅದೊಂದೇ ಉಳ್ದದ್.”

ಯಾರೋ ಕುರ್ಚಿ ಒದ್ದರು. ಅವಳ ಜೊತೆ ಸಿಗಡಿ ಸುಲಿದಿದ್ದ ಹೆಂಗಸೊಬ್ಬಳು ಅವಳ ಮುಖಕ್ಕೆ ಉಗಿದಳು. ಉದಯ ಕಾರ್ಯದರ್ಶಿಯ ಮೇಜಿನ ಹಿಂದಿನಿಂದ ಅವಳನ್ನು ನೋಡುತ್ತಲೇ ಇದ್ದ, ಎದ್ದು ಬರಲಿಲ್ಲ. ಗದ್ದಲದ ನಡುವೆ ಅಧಿಕಾರಿ ಮಾತ್ರ ಶಾಂತರಾಗಿದ್ದರು. ಕಿಸೆಯಿಂದ ಪೆನ್ನು ತೆಗೆದು ಮುಂದಕ್ಕೆ ಬಾಗಿದರು.

“ಹೆದರಿಸುವ ಸದ್ದು ಎಂದಿರಲ್ಲ,” ಎಂದರು. “ಎಷ್ಟು ದೂರದವರೆಗೆ ಕೆಲಸ ಮಾಡಿತು?”

ವಾರಿಜಳಿಗೆ ಆ ಪ್ರಶ್ನೆಯ ಅರ್ಥ ಆಗಲೇ ಆಯಿತು. ಅದಕ್ಕೆ ಅವಳ ಉತ್ತರದ ಅಗತ್ಯವೂ ಇರಲಿಲ್ಲ. ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗಿತ್ತು.

ಮನೆಗೆ ಬಂದ ಉದಯ ಅಂಗಳದಲ್ಲೇ ನಿಂತ. “ನನ್ ಹತ್ರ ಒಂದ್ ಮಾತ್ ಹೇಳುಕಾಗ್ಲಿಲ್ಯಾ?”

“ಹೇಳಿರೆ ಬಿಡ್ತಿದ್ರ್ಯಾ ನೀವ್?”

“ಇಲ್ಲೆ,” ಎಂದ ಅವನು. ಆಮೇಲೆ, “ಆದ್ರೂ ಹೇಳ್ಕಿತ್ತ್,” ಎಂದ.

ಅಪ್ಪನ ಹತ್ತಿರವೂ ಅವನು ತಿಂಗಳುಗಟ್ಟಲೆ ಮಾತಾಡಲಿಲ್ಲ. ಸದ್ದು ಹುಡುಕಿಕೊಟ್ಟದ್ದು ತಾನೇ ಎಂದು ಗುರುವರು ಆ ದಿನವೇ ಒಪ್ಪಿಕೊಂಡಿದ್ದರು.

ವಾರಿಜಳನ್ನು ಕೆಲಸದಿಂದ ತೆಗೆದರು. ದೂರು ಮಾತ್ರ ಕೊಡಲಿಲ್ಲ. ಅವಳ ಉಪಾಯ ಅವರಿಗೆ ಬೇಕಾಗಿತ್ತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಕರಾವಳಿಯುದ್ದ ನೂರಾ ನಲವತ್ತು ಕಂಬಗಳಾದವು. ಹೊರಗಿನ ಸಾಲಿನವು ಡಾಲ್ಫಿನ್ನಿನ ಸದ್ದು ಮಾಡಿ ಮರಿಗಳನ್ನು ಅಟ್ಟುತ್ತಿದ್ದವು. ಒಳಗಿನ ಸಾಲಿನವು ಹಳೆಯ ಕೋಡಿಕಲ್ಲಿನ ದನಿಯಲ್ಲಿ ಕರೆಯುತ್ತಿದ್ದವು. ನಡುವೆ ಬಲೆ. ಮೊದಲಾದರೆ ಕರೆ ಕೇಳದಷ್ಟು ದೂರದಲ್ಲಿದ್ದ ಮರಿಗಳು ತಪ್ಪಿಸಿಕೊಳ್ಳುತ್ತಿದ್ದವು, ಈಗ ಅದೂ ಇಲ್ಲ. ಒಳಗಿನ ಸಾಲಿನ ಇಪ್ಪತ್ತು ಕಂಬ ಆನೆಕಲ್ಲಿನ ಸುತ್ತ ನಿಂತವು.

ಸುದ್ದಿ ಕೇಳಿದ ದಿನ ಗುರುವರು ಸೊಸೆಯನ್ನು ಕರೆದು ಹತ್ತಿರ ಕೂರಿಸಿಕೊಂಡರು. “ಇನ್ನ್ ಯಾರ್ ಕೇಂಡ್ರೂ ನಂಗ್ ಎಂತದೂ ನೆನ್ಪಿಲ್ಲೆ ಅಂದ್ ಹೇಳ್, ಮಗಾ,” ಎಂದರು. ಆಮೇಲೆ ಇಲಾಖೆಯವರು ಮೂರು ಸಲ ಬಂದರು. ಮೂರು ಸಲವೂ ಅವರು ಕಿವಿ ಕೇಳದವರಂತೆ ಗೋಡೆ ನೋಡುತ್ತ ಕುಳಿತರು. ನಾಲ್ಕನೆಯ ಸಲ ಬರುವುದರೊಳಗೆ ತೀರಿಕೊಂಡಿದ್ದರು.

ಮಾವನ ವರ್ಷಾಂತಿಕ ಮುಗಿಸಿ ವಾರಿಜ ನಾಲ್ಕು ದಿನ ತವರಿಗೆ ಹೋದಳು. ಅಣ್ಣ ಸುಧಾಕರನಿಗೆ ತಂಗಿಯ ಮೇಲೆ ಸಿಟ್ಟಿರಲಿಲ್ಲ. ನಡೆದದ್ದೂ ಪೂರ್ತಿ ತಿಳಿದಿರಲಿಲ್ಲ. ಆ ವರ್ಷ ಶಿರಿಕೇರಿಯ ದೋಣಿಗಳು ಅರ್ಧ ತುಂಬಿ ಬಂದಿದ್ದವು, ಹಿಂದಿನ ವರ್ಷ ಪೂರ್ತಿ. ಮಧ್ಯಾಹ್ನ ಊಟ ಮಾಡಿ ಅವನು ಅವಳನ್ನು ದೋಣಿಯಲ್ಲಿ ಆನೆಕಲ್ಲಿಗೆ ಕರೆದುಕೊಂಡು ಹೋದ. ಇಲಾಖೆ ಪ್ರತಿ ದೋಣಿಗೂ ನೀರಿನೊಳಗಿನ ಮೈಕು, ಹೆಡ್‌ಫೋನು ಕೊಟ್ಟಿತ್ತು. ಹೊತ್ತು ಮುಳುಗುತ್ತಿದ್ದಂತೆ ಅವನು ತಂತಿ ಇಳಿಸಿ ಹೆಡ್‌ಫೋನನ್ನು ತಂಗಿಗೆ ಕೊಟ್ಟ.

“ಕೇಣ್ ಕೇಣ್. ಮೀನ್ ಕಮ್ಮಿ ಆಯ್ತ್ ಅಂತ್ರ್ ಎಲ್ಲ. ನಮ್ ಕಲ್ಲ್ ಇನ್ನೂ ಎಷ್ಟ್ ಗಲಾಟಿ ಮಾಡತ್ತ್ ಕಾಣ್!”

ವಾರಿಜ ಕೇಳಿದಳು. ಕೆಂಬೇರಿ ಎರಡು ಸಲ ಡುಬ್ ಎಂದಿತು. ಈಗ ಮುರು ಬರುತ್ತದೆ ಎಂದುಕೊಂಡಳು, ಬಂತು. ಆಮೇಲೆ ಚಟ್ಲಿಯ ಪಟಪಟ ಜೋರಾಗಿ ಏರಿ, ಒಂದು ಕ್ಷಣ ತಗ್ಗಿ, ಮತ್ತೆ ಏರಬೇಕು, ಏರಿತು. ಮೂರು ವರ್ಷ ದಿನಾ ಕೇಳಿದ ಧ್ವನಿಮುದ್ರಣ. ಮುಂದೆ ಬರುವ ಪ್ರತಿ ಸದ್ದೂ ಅವಳಿಗೆ ಬಾಯಿಪಾಠವಾಗಿತ್ತು.

“ಅಣ್ಣ, ಇದ್ ಕಲ್ಲಲ್ಲ. ಕಂಬ,” ಎಂದಳು.

ಸುಧಾಕರ ಹೆಡ್‌ಫೋನು ತೆಗೆದುಕೊಂಡು ತಾನೂ ಕೇಳಿದ. ಅವನ ನಗು ನಿಧಾನವಾಗಿ ಆರಿತು. “ಪೂರ್ತಿ ಕಂಬದ್ದಾ? ಅಡಿಯಂಗೆ ನಮ್ ಕಲ್ಲಿಂದೂ ಒಂಚೂರ್ ಇದ್ದೀತ್. ಅದ್ ಯಾವ್ದ್, ಇದ್ ಯಾವ್ದ್, ನಿಂಗ್ ಗೊತ್ತಾತ್ತಲ್ದಾ?”

ಅವಳು ಮತ್ತೆ ಕಿವಿಗೊಟ್ಟಳು. ಬಾಯಿಪಾಠದಲ್ಲಿ ಇಲ್ಲದ ಒಂದು ಸದ್ದಿಗಾಗಿ, ಒಂದೇ ಒಂದು ಹೊಸ ಡುಬ್‌ಗಾಗಿ, ಕಣ್ಣು ಮುಚ್ಚಿ ಹುಡುಕಿದಳು. ಇಪ್ಪತ್ತು ಕಂಬಗಳು ಒಟ್ಟಿಗೆ ಕೂಗುತ್ತಿದ್ದವು. ಕೆಳಗೆ ಏನಾದರೂ ಬದುಕಿ ಮಾತಾಡುತ್ತಿದ್ದರೂ ಆ ಅಬ್ಬರದಲ್ಲಿ ಕೇಳುವಂತಿರಲಿಲ್ಲ. ಒಂದು ನಿಮಿಷ ಇದನ್ನು ನಿಲ್ಲಿಸಬಹುದಾ ಎಂದು ಅಣ್ಣನನ್ನು ಕೇಳಿದಳು.

“ಸ್ವಿಚ್ಚ್ ಬೆಂಗ್ಳೂರಂಗೆ ಇತ್ತ್ ಅಂಬ್ರ್,” ಎಂದ ಸುಧಾಕರ.

ಬಲೆ ಹಾಕುವ ದೋಣಿಗಳು ಒಂದೊಂದಾಗಿ ಬಂದು ಸುತ್ತ ನಿಲ್ಲತೊಡಗಿದವು. ಜಾಗ ಬಿಡಿ ಎಂದು ಯಾರೋ ಕೂಗಿದರು. ಸುಧಾಕರ ತಂತಿ ಸುತ್ತಿ, ಎಂಜಿನ್ ಶುರುಮಾಡಿ, ದೋಣಿಯನ್ನು ದಡದ ಕಡೆ ತಿರುಗಿಸಿದ.